ಗರ್ಭದಲ್ಲಿರುವ ಮಗುವಿನ ಹೃದಯದಲ್ಲಿ ದೋಷ ಕಂಡುಬಂದಾಗ

ಐದನೆಯ ತಿಂಗಳ ಸ್ಕ್ಯಾನಿಂಗ್ ಈಗ ನಮ್ಮ ಮನೆಗಳಲ್ಲಿ ವಾಡಿಕೆಯ ಮಾತಾಗಿದೆ. ಅಲೆವೂರಿನ ಬಸುರಿ ಮಣಿಪಾಲಕ್ಕೋ ಉಡುಪಿಗೋ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಹಿಂದಿರುಗುತ್ತಾಳೆ. ಆದರೆ ಕೆಲವು ದಂಪತಿಗಳನ್ನು ವೈದ್ಯರು ತಡೆದು ನಿಲ್ಲಿಸುತ್ತಾರೆ. ಮಗುವಿನ ಹೃದಯವನ್ನು ಇನ್ನೊಮ್ಮೆ ನೋಡಬೇಕು ಎನ್ನುತ್ತಾರೆ. ಆ ಒಂದು ಮಾತಿನಿಂದ ಮನೆಯ ನಿದ್ದೆಯೇ ಹಾರಿಹೋಗುತ್ತದೆ.

ಇದು ಅಪರೂಪದ ಸಂಗತಿಯಲ್ಲ. ಜೀವಂತವಾಗಿ ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8 ಮಕ್ಕಳಿಗೆ ಹೃದಯದಲ್ಲಿ ಒಂದಲ್ಲ ಒಂದು ದೋಷವಿರುತ್ತದೆ. ಹಾಗಿದ್ದೂ ಅದು ಬಂದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ತಪ್ಪು ಯಾರದು ಎಂಬುದು. ಗ್ರಹಣದ ದಿನ ಅವಳು ಹೊರಗೆ ಹೋಗಿದ್ದಳು, ಬೇಡವೆಂದರೂ ಬೈಕಿನಲ್ಲಿ ಕುಳಿತಳು, ಅವಳ ತಾಯಿ ಮನೆಯ ಕಡೆ ಹೀಗೊಂದು ಮಗು ತೀರಿಹೋಗಿತ್ತು ಎಂದು ಹಿರಿಯರು ಪಿಸುಗುಟ್ಟುತ್ತಾರೆ. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ಇಂಥವರು ಓದಬೇಕು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳಿದಾಗ ಪ್ರಭು ಯೇಸು ಎರಡನ್ನೂ ತಳ್ಳಿಹಾಕಿದರು. ವೈದ್ಯಶಾಸ್ತ್ರ ಹೇಳುವುದೂ ಬಹುಮಟ್ಟಿಗೆ ಅದನ್ನೇ. ತಾಯಿಯ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳಲ್ಲಿ ತಗಲಿದ ರುಬೆಲ್ಲಾ, ಕೆಲವು ಔಷಧಿಗಳು, ವರ್ಣತಂತುಗಳ ದೋಷ ಇವು ಕೆಲವೊಮ್ಮೆ ಕಾರಣವಾಗುವುದುಂಟು. ಆದರೆ ಹೆಚ್ಚಿನ ಮಕ್ಕಳಲ್ಲಿ ಬೆರಳಿಟ್ಟು ತೋರಿಸುವಂತಹ ಕಾರಣವೇ ಸಿಗುವುದಿಲ್ಲ. ಎಂಟು ವಾರಗಳು ತುಂಬುವಷ್ಟರಲ್ಲಿ ಹೃದಯದ ನಾಲ್ಕು ಕೋಣೆಗಳು ರೂಪುಗೊಂಡಿರುತ್ತವೆ. ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂಬುದು ಖಚಿತವಾಗುವ ಹೊತ್ತಿಗೆ ಆ ಕೆಲಸ ಮುಗಿಯುತ್ತ ಬಂದಿರುತ್ತದೆ.

ಹೃದಯದಲ್ಲಿ ದೋಷವಿದ್ದರೆ ಮಗು ಹೊಟ್ಟೆಯೊಳಗೆ ನರಳುತ್ತಿದೆಯೇ ಎಂದು ತಾಯಂದಿರು ಕೇಳುತ್ತಾರೆ. ಸಾಮಾನ್ಯವಾಗಿ ಇಲ್ಲ. ಗರ್ಭದಲ್ಲಿ ಮಗುವಿಗೆ ಆಮ್ಲಜನಕ ಬರುವುದು ಅದರ ಶ್ವಾಸಕೋಶದಿಂದಲ್ಲ, ತಾಯಿಯ ರಕ್ತದಿಂದ, ಮಾಸುಚೀಲದ ಮೂಲಕ. ರಕ್ತವು ಶ್ವಾಸಕೋಶವನ್ನು ಬಳಸಿಕೊಂಡು ಹೋಗಲು ದೇವರು ಒಂದು ಸಣ್ಣ ನಾಳವನ್ನು ಇಟ್ಟಿದ್ದಾರೆ. ಹುಟ್ಟಿದ ಕೆಲವು ದಿನಗಳಲ್ಲಿ ಆ ನಾಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಆರೋಗ್ಯವಂತ ಮಗುವಿಗೆ ಅದು ಮುಚ್ಚಲೇಬೇಕು. ಆದರೆ ಕೆಲವು ಗಂಭೀರ ದೋಷಗಳಲ್ಲಿ ಮಗುವಿನ ಜೀವ ನಿಂತಿರುವುದೇ ಆ ನಾಳದ ಮೇಲೆ. ಹುಟ್ಟಿದಾಗ ಚೆನ್ನಾಗಿ ಅತ್ತು, ಹಾಲು ಕುಡಿದು, ಮನೆಗೂ ಬಂದ ಮಗು ಮೂರನೆಯ ದಿನವೋ ನಾಲ್ಕನೆಯ ದಿನವೋ ನೀಲಿಯಾಗುವುದು ಹೀಗೆ. ಮೊದಲೇ ಗೊತ್ತಿದ್ದರೆ ಹುಟ್ಟಿದ ಕೂಡಲೇ ಪ್ರೋಸ್ಟಾಗ್ಲಾಂಡಿನ್ ಎಂಬ ಔಷಧಿ ಕೊಟ್ಟು ನಾಳವನ್ನು ತೆರೆದಿಟ್ಟು, ಶಸ್ತ್ರಚಿಕಿತ್ಸೆಗೆ ಸಮಯ ಗಳಿಸಬಹುದು. ಸ್ಕ್ಯಾನಿಂಗಿನ ದೊಡ್ಡ ಉಪಕಾರ ಇದೇ.

ಎಲ್ಲ ದೋಷಗಳೂ ಒಂದೇ ಅಲ್ಲ ಎಂಬುದನ್ನು ದಂಪತಿಗಳು ಮನದಟ್ಟು ಮಾಡಿಕೊಳ್ಳಬೇಕು. ಕೆಳಗಿನ ಕೋಣೆಗಳ ನಡುವಿನ ಗೋಡೆಯಲ್ಲಿರುವ ಸಣ್ಣ ರಂಧ್ರ ಎಷ್ಟೋ ಮಕ್ಕಳಲ್ಲಿ ತಾನೇ ಮುಚ್ಚಿಹೋಗುತ್ತದೆ. ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಶಸ್ತ್ರಚಿಕಿತ್ಸೆ ಬೇಕು. ಸಕಾಲದಲ್ಲಾದರೆ ಹೆಚ್ಚಿನವರು ಬದುಕುತ್ತಾರೆ. ಎಡಭಾಗದ ಹೃದಯವೇ ಬೆಳೆಯದಿದ್ದರೆ ದಾರಿ ಬಹಳ ಕಠಿಣ. ಹೀಗಿರುವುದರಿಂದ "ಹೃದಯದಲ್ಲಿ ತೂತು" ಎಂಬ ಅರ್ಧ ಮಾತಿನೊಂದಿಗೆ ಮನೆಗೆ ಬಾರದೆ, ಗರ್ಭಸ್ಥ ಶಿಶುವಿನ ಎಕೋ ಪರೀಕ್ಷೆ ಮಾಡಿಸಿ, ದೋಷದ ಹೆಸರನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಮಕ್ಕಳ ಹೃದಯತಜ್ಞರನ್ನು ಕಾಣಿರಿ. ಹೆರಿಗೆ ಎಲ್ಲಾಗಬೇಕು, ಹುಟ್ಟಿದ ಮೊದಲ ಗಂಟೆಯಲ್ಲಿ ಯಾರಿರುತ್ತಾರೆ, ಶಸ್ತ್ರಚಿಕಿತ್ಸೆ ಎಲ್ಲಿ ಎಂದು ಕೇಳಿರಿ. ಬೆಂಗಳೂರಿಗೆ ಹೋಗಲೇಬೇಕಾದರೆ, ಶಿರಾಡಿ ಘಾಟಿಯನ್ನು ಮಗು ನಡುರಾತ್ರಿಯ ಆಂಬುಲೆನ್ಸಿನಲ್ಲಿ ದಾಟುವುದಕ್ಕಿಂತ ತಾಯಿಯ ಗರ್ಭದಲ್ಲಿದ್ದೇ ದಾಟುವುದು ಎಷ್ಟೋ ಮೇಲು.

ನಮ್ಮ ಜಿಲ್ಲೆಗಳಿಗೆ ಈ ವಿಷಯದಲ್ಲಿ ಹೆಮ್ಮೆಪಡುವ ಕಾರಣವೂ ಇದೆ. ಕಿನ್ನಿಗೋಳಿಯಲ್ಲಿ ಹುಟ್ಟಿದ, ಮದರ್ ತೆರೇಸಾರವರ ಹೃದಯಕ್ಕೆ ಚಿಕಿತ್ಸೆ ನೀಡಿದ ಡಾ. ದೇವಿ ಶೆಟ್ಟಿಯವರು 1992ರಲ್ಲಿ ಕೊಲ್ಕತ್ತಾದಲ್ಲಿ ಒಂಬತ್ತು ದಿನಗಳ ಹಸುಳೆಗೆ ಹೃದಯ ಶಸ್ತ್ರಚಿಕಿತ್ಸೆ ಮಾಡಿದರು. ಅಂದು ಅದು ದೇಶವೇ ಬೆರಗಾದ ಸುದ್ದಿ. ಹಣದ ಚಿಂತೆಯೂ ಮೊದಲಿನಷ್ಟಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಹೃದಯದೋಷವೂ ಸೇರಿದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿದೆ. ಬೆಂಗಳೂರಿನ ವೈಟ್‌ಫೀಲ್ಡಿನ ಸತ್ಯ ಸಾಯಿ ಆಸ್ಪತ್ರೆ 2001ರಿಂದ ಹೃದಯ ಶಸ್ತ್ರಚಿಕಿತ್ಸೆಯನ್ನು ಶುಲ್ಕವಿಲ್ಲದೆ ಮಾಡುತ್ತಿದೆ. ಕಾಗದಪತ್ರಗಳನ್ನು ಹೆರಿಗೆಗೆ ಮುಂಚೆಯೇ ಸಿದ್ಧಪಡಿಸಿಟ್ಟುಕೊಳ್ಳಿ.

ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. ಮಗುವನ್ನು ತೆಗೆಸಿಬಿಡಿ ಎಂಬ ಸಲಹೆ ಆಸ್ಪತ್ರೆಯಲ್ಲೂ ಸ್ವಂತ ಬಳಗದಲ್ಲೂ ಬರಬಹುದು. 2021ರ ತಿದ್ದುಪಡಿಯ ನಂತರ, ಗಂಭೀರ ನ್ಯೂನತೆಯನ್ನು ವೈದ್ಯಕೀಯ ಮಂಡಳಿ ಖಚಿತಪಡಿಸಿದರೆ ಕಾನೂನು ವಾರಗಳ ಮಿತಿಯನ್ನೂ ಇಡುವುದಿಲ್ಲ. ಧರ್ಮಸಭೆಯ ಬೋಧನೆ ಬೇರೆ. ಜಗದ್ಗುರು ಎರಡನೆಯ ಜಾನ್ ಪೌಲರು 1995ರಲ್ಲಿ ಹೊರಡಿಸಿದ ಜೀವದ ಕುರಿತಾದ ವಿಶ್ವಪತ್ರದಲ್ಲಿ, ಗರ್ಭದ ಪರೀಕ್ಷೆಯನ್ನು ಚಿಕಿತ್ಸೆಗಾಗಿ ಅಥವಾ ಮಗುವನ್ನು ಅರಿತು ಸ್ವೀಕರಿಸುವುದಕ್ಕಾಗಿ ಮಾಡುವುದನ್ನು ಒಪ್ಪಿ, ದೋಷವಿದ್ದ ಮಗುವನ್ನು ಕೊಲ್ಲುವ ಸಲುವಾಗಿ ಮಾಡುವುದನ್ನು ಖಂಡಿಸಿದ್ದಾರೆ. ಆದರೆ ಈ ಬೋಧನೆಯನ್ನು ಆ ತಾಯಿಗೆ ಕೇಳಿಸುವ ನಾವು, ಆಕೆ ಮೂರು ವಾರ ಆಸ್ಪತ್ರೆಯಲ್ಲಿದ್ದಾಗ ಅವಳ ದೊಡ್ಡ ಮಗುವನ್ನು ಶಾಲೆಗೆ ಬಿಡುವವರು ಯಾರೆಂದು ಕೇಳದಿದ್ದರೆ, ನಮ್ಮ ಮಾತಿಗೆ ಬೆಲೆಯಿಲ್ಲ. ವಾಳೆಯ ಗುರಿಕಾರರು ಮನಸ್ಸು ಮಾಡಿದರೆ ರಕ್ತದಾನಿಗಳ ಪಟ್ಟಿ ಒಂದು ಸಂಜೆಯಲ್ಲಿ ತಯಾರಾಗುತ್ತದೆ. ಎಲ್ಲವೂ ದೇವರ ಚಿತ್ತ ಎಂದು ಹೇಳಿ ಎದ್ದು ಬರುವುದು ಸುಲಭ. ಅದರ ಬದಲು ಒಂದು ಪಾತ್ರೆ ಗಂಜಿ ಕೊಂಡೊಯ್ಯಿರಿ. ಅತ್ತೂರಿಗೆ ಹರಕೆ ಹೊತ್ತುಕೊಳ್ಳುವುದು ಒಳ್ಳೆಯದೇ. ಹರಕೆ ಹೊತ್ತೆವೆಂದು ಎಕೋ ಪರೀಕ್ಷೆಯನ್ನು ಮುಂದೂಡುವುದು ಒಳ್ಳೆಯದಲ್ಲ.

ಗಂಡಂದಿರೇ, ನೀವು ಗಲ್ಫಿನಲ್ಲಿದ್ದರೂ ವೈದ್ಯರೊಂದಿಗೆ ನೇರ ಮಾತನಾಡಿರಿ. ಕೆಟ್ಟ ಸುದ್ದಿಯನ್ನು ಹೆಂಡತಿಯೊಬ್ಬಳೇ ಕೇಳಿ, ಒಬ್ಬಳೇ ನಿಮ್ಮ ಮನೆಯವರಿಗೆ ವಿವರಿಸುವಂತಾಗಬಾರದು.

ಹುಟ್ಟಿದ ಮಗುವಿನ ಪ್ರಾಣಕ್ಕೆ ಅಪಾಯವಿದ್ದರೆ ದೀಕ್ಷಾಸ್ನಾನವನ್ನು ತಡಮಾಡುವಂತಿಲ್ಲ. ಗುರುಗಳು ಬರಲು ಸಮಯವಿಲ್ಲದಾಗ ದಾದಿಯಾಗಲಿ ಅಜ್ಜಿಯಾಗಲಿ, ಧರ್ಮಸಭೆಯ ಉದ್ದೇಶದಂತೆ, ಮಗುವಿನ ತಲೆಯ ಮೇಲೆ ನೀರು ಹೊಯ್ದು ತ್ರೈಏಕ ದೇವರ ನಾಮದಲ್ಲಿ ಅದನ್ನು ನೀಡಬಹುದು. ದೀಕ್ಷಾಸ್ನಾನ ಕೊಡಿಸಬೇಕೆಂದಿದ್ದ ಹೆತ್ತವರ ಮಗು ಅದಕ್ಕೆ ಮೊದಲೇ ತೀರಿಕೊಂಡರೂ, ಧರ್ಮಾಧ್ಯಕ್ಷರ ಅನುಮತಿಯಿಂದ ಧರ್ಮಸಭೆಯ ಅಂತ್ಯವಿಧಿ ನಡೆಸಲು ಅವಕಾಶವಿದೆ. ಆ ಮಗುವಿಗೆ ಹೆಸರಿಡಿರಿ. ಹೆಸರು ಹಿಡಿದು ಪ್ರಾರ್ಥಿಸಿರಿ.

ಮುಂದಿನ ಬಸಿರಿನ ಭಯ ಸಹಜ. ಒಂದು ಮಗುವಿಗೆ ದೋಷವಿದ್ದರೆ ಮುಂದಿನದಕ್ಕೂ ಬರುವ ಸಂಭವ ಸಾಮಾನ್ಯವಾಗಿ ನೂರಕ್ಕೆ ಎರಡೋ ಮೂರೋ. ಕೆಲವು ಕುಟುಂಬಗಳಲ್ಲಿ ಹೆಚ್ಚಿರಬಹುದು. ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಂಡು ಸಕ್ಕರೆಯ ಪರೀಕ್ಷೆ ಮಾಡಿಸಿ, ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಿ, ಐದನೆಯ ತಿಂಗಳಲ್ಲಿ ಎಕೋ ಪರೀಕ್ಷೆಯ ದಿನವನ್ನು ಗೊತ್ತುಮಾಡಿಕೊಳ್ಳಿ.