ಎಂಜಿನ್ ಸಾಲದೆಂದು ಕೊರಗುವ ಮಗಳಿಗೆ



ನಿಮ್ಮ ಕಾಲೇಜಿನ ರೇಸ್ ಕಾರಿಗೆ ಸಿಕ್ಕ ಎಂಜಿನ್ನಿನಲ್ಲಿ ದಮ್ಮಿಲ್ಲ ಎಂದು ಬರೆದಿದ್ದೀಯ. ಬೇರೆ ತಂಡಗಳ ಅಶ್ವಶಕ್ತಿಯ ಲೆಕ್ಕ ನೋಡಿ ನಿದ್ದೆಗೆಟ್ಟಂತಿದೆ. ಹಾಗಿದ್ದರೆ ನೀನು ರೇಸ್ ಚಾಲಕ ಜಾಕ್ ಬ್ರಾಬಮ್‌ನ ವಿಷಯ ತಿಳಿಯಲೇಬೇಕು.

ಸಿಡ್ನಿ ಪಕ್ಕದ ಹರ್ಸ್ಟ್‌ವಿಲ್‌ನಲ್ಲಿ 1926ರಲ್ಲಿ ಹುಟ್ಟಿದ ಆತ ಯುದ್ಧಕಾಲದಲ್ಲಿ ಆಸ್ಟ್ರೇಲಿಯಾದ ವಾಯುಪಡೆಯಲ್ಲಿ ಮೆಕ್ಯಾನಿಕ್. ಆಮೇಲೆ ಮಣ್ಣಿನ ಟ್ರ್ಯಾಕುಗಳಲ್ಲಿ ಪುಟ್ಟ ಕಾರು ಓಡಿಸಿ ಪಳಗಿ, 1955ರಲ್ಲಿ ಇಂಗ್ಲೆಂಡಿಗೆ ಹೋದ. ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಕೂರಿಸಿದ ಕೂಪರ್ ಕಾರಿನಲ್ಲಿ 1959, 1960ರ ವಿಶ್ವ ಚಾಂಪಿಯನ್ ಆದ. 1959ರ ಕೊನೆಯ ರೇಸು ಅಮೆರಿಕದ ಸೆಬ್ರಿಂಗ್‌ನಲ್ಲಿ; ಕಡೇ ಸುತ್ತಿನಲ್ಲಿ ಪೆಟ್ರೋಲ್ ಖಾಲಿ. ಇಳಿದವನೇ ಕಾರನ್ನು ತಳ್ಳಿಕೊಂಡು ಹೋಗಿ ನಾಲ್ಕನೆಯವನಾಗಿ ಗೆರೆ ದಾಟಿಸಿದ!

ಎರಡು ಕಿರೀಟ ಸಿಕ್ಕವನು ಸುಮ್ಮನೆ ಸಂಬಳಕ್ಕೆ ಓಡಿಸಿಕೊಂಡಿರಬಹುದಿತ್ತು. ಆತ ಮಾತ್ರ ಹಳೆಯ ಗೆಳೆಯ ರಾನ್ ಟೊರಾನಾಕ್ ಜೊತೆ ಸೇರಿ ಸ್ವಂತ ಕಾರು ಕಟ್ಟತೊಡಗಿದ. ಅವನ್ನು ಬೇರೆ ಚಾಲಕರಿಗೂ ಮಾರಿದರು. ಎದುರಾಳಿಗೇ ಕಾರು ಮಾರುವ ಧೈರ್ಯ ನನಗಂತೂ ಬರುತ್ತಿರಲಿಲ್ಲ.

ನಿನಗೆ ಬೇಕಾದದ್ದು 1966ರ ಸಂಗತಿ. ಆ ವರ್ಷ ನಿಯಮ ಬದಲಾಗಿ ಎಂಜಿನ್ ಮಿತಿ ಒಂದೂವರೆ ಲೀಟರಿನಿಂದ ಮೂರಕ್ಕೆ ಏರಿತು. ಹಲವರು ಹೆಚ್ಚು ಸಿಲಿಂಡರಿನ, ಹೆಚ್ಚು ಬಲದ ಎಂಜಿನ್ನುಗಳ ಹಿಂದೆ ಬಿದ್ದರು. ಈತ ಮೆಲ್ಬರ್ನಿನ ರೆಪ್ಕೊ ಕಂಪನಿಗೆ ಹೋದ. ಅಮೆರಿಕದ ಓಲ್ಡ್ಸ್‌ಮೊಬೈಲ್‌ನವರು ಕೈಬಿಟ್ಟಿದ್ದ ಅಲ್ಯೂಮಿನಿಯಂ ಬ್ಲಾಕ್ ತೆಗೆದುಕೊಂಡು ಅವರು ಸರಳವಾದೊಂದು ವಿ-8 ಎಂಜಿನ್ ಮಾಡಿಕೊಟ್ಟರು. ಬಲ ಸುಮಾರು 300 ಅಶ್ವಶಕ್ತಿ. ಫೆರಾರಿಯವರ ಲೆಕ್ಕ ಅದಕ್ಕಿಂತ ಎಷ್ಟೋ ಮೇಲಿತ್ತು. ಅದನ್ನು ಕೂರಿಸಿದ ಚಾಸಿಯೂ ಇನ್ಯಾವುದೋ ಎಂಜಿನ್ನಿಗೆಂದು ಮಾಡಿಟ್ಟದ್ದು, ಆ ಎಂಜಿನ್ ಬರಲೇ ಇಲ್ಲ. ಆದರೆ ಕಾರು ಹಗುರ, ಕುಡಿಯುವ ಇಂಧನ ಕಡಿಮೆ. ಆದ್ದರಿಂದ ಟ್ಯಾಂಕಿನಲ್ಲಿ ಹೊರುವ ಭಾರವೂ ಕಡಿಮೆ.

ಜುಲೈನಲ್ಲಿ ಫ್ರಾನ್ಸಿನ ರ‍್ಯಾನ್ಸ್‌ನಲ್ಲಿ ಗೆದ್ದ. ತನ್ನದೇ ಹೆಸರಿನ ಕಾರಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ರೇಸು ಗೆದ್ದ ಮೊದಲಿಗ. ಬೆನ್ನಿಗೇ ಬ್ರಿಟನ್, ಹಾಲೆಂಡ್, ಜರ್ಮನಿ. ನಲವತ್ತಾಯಿತು, ಮುದುಕನಾದ ಎಂದು ಪತ್ರಿಕೆಯವರು ಆಡಿಕೊಂಡದ್ದಕ್ಕೆ ಹಾಲೆಂಡಿನಲ್ಲಿ ಅಂಟಿಸಿದ ಗಡ್ಡದಲ್ಲಿ, ಕೋಲೂರಿಕೊಂಡು ಕಾರಿನ ಬಳಿ ಬಂದನಂತೆ. ಮಾತು ಕಡಿಮೆಯ ಮನುಷ್ಯನ ತಮಾಷೆ ನೋಡು! ಆ ವರ್ಷದ ಚಾಂಪಿಯನ್ ಪಟ್ಟವೂ ಆತನಿಗೇ. ಸ್ವಂತ ಹೆಸರಿನ ಕಾರಿನಲ್ಲಿ ಅದನ್ನು ಗೆದ್ದವರು ಇವತ್ತಿಗೂ ಇನ್ನೊಬ್ಬರಿಲ್ಲ.

ಮರುವರ್ಷ ಆತನ ಕಂಪನಿಯದೇ ಕಾರಿನಲ್ಲಿ ಜೊತೆಗಾರ ಡೆನ್ನಿ ಹುಲ್ಮ್ ಪಟ್ಟ ಗೆದ್ದ, ಮಾಲೀಕ ಎರಡನೆಯವನಾದ. ಹೊಸ ಬಿಡಿಭಾಗ ಬಂದರೆ ಮೊದಲು ತನ್ನ ಕಾರಿಗೇ ಹಾಕಿ ನೋಡುವ ಚಟ ಆತನಿಗೆ. ಕೈಕೊಟ್ಟರೆ ನಷ್ಟವೂ ತನಗೇ. ಮೆಕ್ಯಾನಿಕ್ ಬುದ್ಧಿ ಎಲ್ಲಿ ಹೋಗುತ್ತದೆ?

ನಿಮ್ಮ ಕಾರಿನ ತೂಕ ಎಷ್ಟು, ರೇಸಿನುದ್ದಕ್ಕೂ ಪೆಟ್ರೋಲ್ ಎಷ್ಟು ಬೇಕು ಎಂದು ನೀನು ಬರೆದೇ ಇಲ್ಲ. ತೂಕದ ಯಂತ್ರದ ಮೇಲೆ ನಿಲ್ಲಿಸಿ ಮುಂದಿನ ಪತ್ರದಲ್ಲಿ ತಿಳಿಸು.

ಇಂತಿ,
ದೊಡ್ಡಪ್ಪ