ಒಬ್ಬ ಕವಿಯನ್ನಾದರೂ ಪೂರ್ತಿ ಕೇಳಿ

ಹೈದರಾಬಾದಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳೇ, ಜನವರಿಯಲ್ಲಿ ಊರಿನ ಸಾಹಿತ್ಯ ಉತ್ಸವ ಬರುತ್ತದೆ. ಪ್ರವೇಶಕ್ಕೆ ಕಾಸು ಕೊಡಬೇಕಿಲ್ಲ. ನೀವು ಗುಂಪುಗೂಡಿ ಹೋಗುತ್ತೀರಿ, ಸಂತೋಷ. ಹೋದ ಮೇಲೆ ಎಷ್ಟು ಹೊತ್ತು ಕೂರುತ್ತೀರಿ ಎಂಬುದೇ ನನ್ನ ಚಿಂತೆ.

2018ರ ಜನವರಿ 26ರಿಂದ 28ರವರೆಗೆ ಆ ಉತ್ಸವ ಬೇಗಂಪೇಟೆಯ ಹೈದರಾಬಾದ್ ಪಬ್ಲಿಕ್ ಸ್ಕೂಲಿನಲ್ಲಿ ನಡೆಯಿತು. ಸ್ಪೇನ್ ಅತಿಥಿ ದೇಶ. ಆ ಸಲ ವಿಶೇಷ ಮನ್ನಣೆ ಪಡೆದ ಭಾರತೀಯ ಭಾಷೆ ನಮ್ಮ ಕನ್ನಡ. ಆ ಶಾಲೆ 1923ರಲ್ಲಿ ಜಾಗೀರದಾರರ ಮಕ್ಕಳಿಗಾಗಿ ಶುರುವಾದದ್ದು. ಕನ್ನಡ ಸೀಮೆಯ ಬೀದರ, ಕಲಬುರಗಿ, ರಾಯಚೂರು ಕೂಡ ಆಗ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದವು. ಅಂಥ ಅಂಗಳದಲ್ಲಿ ಕನ್ನಡಕ್ಕೆ ಮಣೆ ಹಾಕಿದರು ಎಂದರೆ ಹಳಬರಾದ ನಮಗೆ ಎದೆ ತುಂಬಿ ಬಂದದ್ದು ಸುಮ್ಮನೆ ಅಲ್ಲ.

ನಿಮ್ಮ ಅಜ್ಜ, ಮುತ್ತಜ್ಜಂದಿರ ಕಾಲವನ್ನು ಸ್ವಲ್ಪ ನೆನೆಯಿರಿ. ಕಚೇರಿಯ ಭಾಷೆ ಉರ್ದು. ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ನಾಲ್ಕು ಜನ ಸಭೆ ಸೇರಬೇಕಾದರೂ ಸರ್ಕಾರದ ಅಪ್ಪಣೆ ಬೇಕಾದ ದಿನಗಳೂ ಬಂದವು. ಆದರೂ 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರು, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರು ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಬಂದರು. ಮನೆಯಲ್ಲಿ ಆಡುವ ಮಾತನ್ನು ವೇದಿಕೆಯ ಮೇಲೆ ಕೇಳುವುದೇ ಆ ಸೀಮೆಯವರಿಗೆ ಅಪರೂಪ. ಅರ್ಧಕ್ಕೆ ಎದ್ದು ಹೋಗುವ ಮನಸ್ಸು ಯಾರಿಗೆ ಬಂದೀತು?

ಈಗ ಒಂದೇ ಹೊತ್ತಿಗೆ ಮೂರು ನಾಲ್ಕು ಕಡೆ ಗೋಷ್ಠಿ. ಇಲ್ಲಿ ಹತ್ತು ನಿಮಿಷ, ಅಲ್ಲಿ ಹತ್ತು ನಿಮಿಷ. ಕವಿ ಬಾಯಿ ತೆರೆಯುವಷ್ಟರಲ್ಲಿ ಫೋನು ಮೇಲೇಳುತ್ತದೆ. ಕವಿತೆ ಫೋನಿನೊಳಗೆ ಹೋಗುತ್ತದೆ, ನಿಮ್ಮೊಳಗೆ ಇಳಿಯುವುದಿಲ್ಲ. ಸಂಜೆ ಮನೆಗೆ ಬಂದವರನ್ನು ಯಾವ ಕವಿತೆ ಕೇಳಿದೆ ಎಂದರೆ ಹೆಸರೂ ನೆನಪಿರುವುದಿಲ್ಲ. ಇದು ಕೆಟ್ಟತನವಲ್ಲ, ಅಭ್ಯಾಸ. ಅಭ್ಯಾಸವನ್ನು ಬದಲಿಸಬಹುದು.

ಕೇಳುವುದೂ ಕಲಿಯಬೇಕಾದ ವಿದ್ಯೆ. ಈ ಊರಿನ ಮುಶಾಯರಾಗಳಲ್ಲಿ, ಅಂದರೆ ಉರ್ದು ಕವಿಗೋಷ್ಠಿಗಳಲ್ಲಿ, ಕೇಳುಗರು ಮೆಚ್ಚಿದ ದ್ವಿಪದಿಯನ್ನು ಮತ್ತೊಮ್ಮೆ ಹೇಳಿಸುತ್ತಾರೆ. ಕವಿಗೂ ಅದರಿಂದ ಹುರುಪು. ರಾಯಚೂರು ಸೀಮೆಯ ಕವಿ ಶಾಂತರಸರು ಅಂಥ ದ್ವಿಪದಿಗಳಿಂದಾದ ಉರ್ದು ಗಜಲನ್ನು ಕಿವಿಗೊಟ್ಟು ಕೇಳಿ, ಅರಗಿಸಿಕೊಂಡು ಕನ್ನಡಕ್ಕೆ ತಂದರು. ಮುಂದೆ 2006ರಲ್ಲಿ ಬೀದರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನೆರೆಯ ಭಾಷೆಯ ಮುಂದೆ ತಾಳ್ಮೆಯಿಂದ ಕೂತದ್ದರಿಂದ ನಮ್ಮ ಭಾಷೆಗೆ ಒಂದು ಪ್ರಕಾರವೇ ಸೇರಿತು. ನೀವೂ ಉರ್ದು, ತೆಲುಗಿನ ನಡುವೆಯೇ ಬೆಳೆದವರು. ಬೆಂಗಳೂರಿನ ಎಷ್ಟೋ ಹುಡುಗರಿಗೆ ಇಲ್ಲದ ಭಾಗ್ಯ ಇದು, ಕೈಚೆಲ್ಲಬೇಡಿ.

ಆದ್ದರಿಂದ ಈ ಸಲ ಹೀಗೆ ಮಾಡಿ. ಹೋಗುವ ಮೊದಲು ಪಟ್ಟಿ ನೋಡಿ ಒಬ್ಬರೇ ಒಬ್ಬ ಲೇಖಕರನ್ನು ಆರಿಸಿಕೊಳ್ಳಿ. ಅವರ ಒಂದು ಕತೆಯನ್ನೋ ನಾಲ್ಕು ಕವಿತೆಗಳನ್ನೋ ಓದಿಕೊಳ್ಳಿ. ಹಸಿದವನಿಗೆ ಊಟ ರುಚಿಸುವಂತೆ, ಓದಿ ಹೋದವನಿಗೆ ಮಾತು ರುಚಿಸುತ್ತದೆ. ಮೊದಲಿನಿಂದ ಕೊನೆಯವರೆಗೂ ಕೂತಿರಿ. ಪ್ರಶ್ನೆಗೆ ಸಮಯ ಕೊಟ್ಟಾಗ ಭಾಷಣ ಮಾಡಬೇಡಿ, ನಿಜವಾಗಿ ತಿಳಿಯಬೇಕಾದದ್ದನ್ನು ಒಂದೇ ವಾಕ್ಯದಲ್ಲಿ ಕೇಳಿ.

ಇನ್ನೊಂದು ಮಾತು, ಬೇಸರಿಸಬೇಡಿ. ನಿಮ್ಮಲ್ಲಿ ಅನೇಕರು ಕನ್ನಡ ಮಾತಾಡುತ್ತೀರಿ, ಓದಲು ಬಾರದು. ನೃಪತುಂಗ ಶಾಲೆಯನ್ನು, ಕರ್ನಾಟಕ ಸಾಹಿತ್ಯ ಮಂದಿರವನ್ನು ಹಿರಿಯರು ಕಾಚಿಗುಡದಲ್ಲಿ ಕಟ್ಟಿದ್ದು ಈ ಕೊರತೆ ಬಾರದಿರಲೆಂದೇ. ತೆಲುಗು ಓದಬಲ್ಲವರಿಗೆ ಕನ್ನಡ ಲಿಪಿ ಕಷ್ಟವೇ ಅಲ್ಲ, ಎರಡೂ ಒಂದೇ ಬೇರಿನವು. ಉತ್ಸವದ ವಿಶೇಷ ಭಾಷೆ ವರ್ಷಕ್ಕೊಂದು ಬದಲಾಗುತ್ತದೆ. ಕನ್ನಡದ ಸರದಿ ಮತ್ತೆ ಯಾವಾಗಲೋ. ಅದಕ್ಕೆ ಕಾಯಬೇಡಿ, ಈ ತಿಂಗಳೇ ಅಕ್ಷರ ಕಲಿಯಲು ಕೂತುಕೊಳ್ಳಿ.