ರೋಗಿಯ ಮಾತು, ವೈದ್ಯರ ಮಾತು

ಠಾಣೆ, ಕಲ್ಯಾಣ, ಡೊಂಬಿವಲಿ ಹಾಗೂ ನವಿ ಮುಂಬಯಿ ನಗರಗಳಲ್ಲಿ ಉದ್ಯೋಗಕ್ಕಾಗಿ ಬಂದು ನೆಲೆಸಿದ ಕನ್ನಡಿಗರು ಅನೇಕರಿದ್ದಾರೆ. ಕರಾವಳಿಯಿಂದ ಹೋಟೆಲ್ ಉದ್ಯಮಕ್ಕೆ ಬಂದವರೂ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರೂ ಇವರಲ್ಲಿ ಸೇರಿದ್ದಾರೆ. ಹೊರಗೆ ದುಡಿಯುವವರು ಮರಾಠಿ, ಹಿಂದಿಗಳನ್ನು ಬೇಗನೆ ಕಲಿಯುತ್ತಾರೆ. ಊರಿನಿಂದ ಮಗನ ಮನೆಗೆ ಬಂದ ವೃದ್ಧ ತಾಯಿಗೆ, ಹೊಸದಾಗಿ ಬಂದ ಸೊಸೆಗೆ ಆ ಅನುಕೂಲವಿರುವುದಿಲ್ಲ. ಆಸ್ಪತ್ರೆಯಲ್ಲಿ ತೊಡಕು ಉಂಟಾಗುವುದು ಇಂತಹವರಿಗೇ.

ಒಂದೇ ಧ್ವನಿ, ಬೇರೆ ಅರ್ಥ

ಮರಾಠಿ ಮತ್ತು ಕನ್ನಡ ನೆರೆಯ ಭಾಷೆಗಳಾದರೂ ಶಬ್ದಸಾಮ್ಯವನ್ನು ನಂಬುವಂತಿಲ್ಲ. ಮರಾಠಿಯ ‘ತಾಪ್’ ಎಂದರೆ ಜ್ವರ. ಕನ್ನಡದ ‘ತಾಪ’ ಬೇಗೆ ಅಥವಾ ಸಂಕಟ. ಮರಾಠಿಯಲ್ಲಿ ‘ಸೂಜ್’ ಎಂದರೆ ಬಾವು. ಕನ್ನಡಿಗರ ಕಿವಿಗೆ ಅದು ‘ಸೂಜಿ’ ಎಂದು ಕೇಳಿಸಬಹುದು. ‘ಉಪಾಶಿ ಪೋಟಿ’ ಎಂದರೆ ಬರಿಯ ಹೊಟ್ಟೆಯಲ್ಲಿ ಔಷಧಿ ಸೇವಿಸಬೇಕೆಂದರ್ಥ. ಅದನ್ನು ದಿನವಿಡೀ ಉಪವಾಸವೆಂದು ತಿಳಿದರೆ ಮಧುಮೇಹದ ರೋಗಿಗೆ ಅಪಾಯ ತಪ್ಪಿದ್ದಲ್ಲ.

ಸಂಕೋಚದ ಗೋಡೆ

ಸ್ತ್ರೀಯರು ‘ಬಿಳಿ ಸೆರಗು’ ಎಂದು ಹೇಳುವ ತೊಂದರೆಯನ್ನು ಪದಕ್ಕೆ ಪದವಾಗಿ ಅನುವಾದಿಸಿದರೆ ರೋಗವೇ ತಿಳಿಯುವುದಿಲ್ಲ. ಮಗನೋ ಮೊಮ್ಮಗನೋ ಎದುರಿಗಿದ್ದರೆ ತಾಯಿ ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಆದುದರಿಂದ ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡದೆ, ಸಾಧ್ಯವಾದಲ್ಲಿ ಕನ್ನಡ ಬಲ್ಲ ದಾದಿಯ ಅಥವಾ ವಯಸ್ಕ ಮಹಿಳೆಯ ನೆರವು ಪಡೆಯುವುದು ಉಚಿತ. ಹಿರಿಯರು ವೈದ್ಯರ ಮಾತಿಗೆ ‘ಹೂಂ’ ಎನ್ನುವುದು ಗೌರವದಿಂದ. ಅದನ್ನು ಅರ್ಥವಾಯಿತೆಂಬ ಉತ್ತರವೆಂದು ಭಾವಿಸಬಾರದು.

ಅಂಗವಿಕಲತೆ ಇದ್ದಾಗ

ಕಿವುಡರಿಗೆ ಕಿರುಚಿ ಹೇಳುವುದರಿಂದ ಪ್ರಯೋಜನವಿಲ್ಲ. ಮುಖಕ್ಕೆ ಬೆಳಕು ಬೀಳುವಂತೆ ಎದುರು ಕುಳಿತು, ತುಟಿ ಕಾಣುವಂತೆ ನಿಧಾನವಾಗಿ ಮಾತನಾಡಬೇಕು. ಓದು ಬಲ್ಲವರಿಗೆ ಬರೆದು ತೋರಿಸಬೇಕು. ಭಾರತೀಯ ಸಂಕೇತ ಭಾಷೆಯನ್ನು ಕಲಿತ ಕನ್ನಡಿಗನಿಗೂ ಮರಾಠಿಗನಿಗೂ ಅದು ಸಮಾನ ಭಾಷೆ. 1983ರಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯು ವಾಕ್ ಮತ್ತು ಶ್ರವಣ ದೋಷವುಳ್ಳವರಿಗಾಗಿ ಕಾರ್ಯನಿರ್ವಹಿಸುತ್ತದೆ.

ಅಂಧರನ್ನು ಮುಟ್ಟುವ ಮೊದಲು ಏನು ಮಾಡಲಾಗುವುದೆಂದು ತಿಳಿಸಬೇಕು. ಬೆಳಗಿನ ಮಾತ್ರೆಗೆ ಒಂದು ರಬ್ಬರ್ ಪಟ್ಟಿ, ರಾತ್ರಿಯ ಮಾತ್ರೆಗೆ ಎರಡು ಸುತ್ತಿಟ್ಟರೆ ಅವರು ಸ್ಪರ್ಶದಿಂದಲೇ ಗುರುತಿಸಬಲ್ಲರು. ಬುದ್ಧಿಮಾಂದ್ಯವುಳ್ಳವರ ವಿಷಯದಲ್ಲಿಯೂ ಜೊತೆಗೆ ಬಂದವರೊಡನೆ ಮಾತ್ರವಲ್ಲದೆ ರೋಗಿಯೊಡನೆಯೇ ಚಿಕ್ಕ ವಾಕ್ಯಗಳಲ್ಲಿ ಮಾತನಾಡಬೇಕು.

ಕಾನೂನಿನ ಬೆಂಬಲ

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿದೆ; ಸಂಕೇತ ಭಾಷೆ, ಬ್ರೈಲ್, ದೊಡ್ಡಕ್ಷರದ ಮುದ್ರಣಗಳನ್ನು ಸಂವಹನದ ವ್ಯಾಖ್ಯೆಯಲ್ಲಿ ಸೇರಿಸಿದೆ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಅಪಾಯ ಮತ್ತು ಬದಲಿ ಮಾರ್ಗಗಳನ್ನು ತಿಳಿಸಿಯೇ ರೋಗಿಯ ಒಪ್ಪಿಗೆ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ತಿಳಿಯದ ಭಾಷೆಯ ಕಾಗದಕ್ಕೆ ಒತ್ತಿದ ಹೆಬ್ಬೆರಳು ಇಂತಹ ಒಪ್ಪಿಗೆಯಾಗಲಾರದು.

ಮನೆಗೆ ಹೊರಡುವ ಮುನ್ನ

‘ತಿಳಿಯಿತೇ?’ ಎಂದು ಕೇಳಿದರೆ ಸಾಲದು. ಯಾವ ಔಷಧಿ, ಎಷ್ಟು ಹೊತ್ತಿಗೆ, ಯಾವ ಲಕ್ಷಣ ಕಂಡರೆ ತಕ್ಷಣ ಮರಳಿ ಬರಬೇಕು ಎಂಬ ಮೂರನ್ನೂ ರೋಗಿಯ ಬಾಯಿಂದಲೇ ಹೇಳಿಸಬೇಕು. ತಪ್ಪಿದ್ದರೆ ಬೇಸರಿಸದೆ ಪುನಃ ವಿವರಿಸಬೇಕು. ರೋಗಿಯೂ ನಾಚಿಕೊಳ್ಳದೆ ‘ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎಂದು ಕೇಳತಕ್ಕದ್ದು.